ಹಾಡು ಅದೇ, ಕೇಳುವ ಕಿವಿ ಬೇರೆ: ಎಮೋ ಆಲ್ಬಮ್‌ಗಳ ಬಗ್ಗೆ ಅಭಿಮಾನಿಗಳ ಮನಸ್ಸು ಬದಲಾಗುವುದು ಹೇಗೆ?

ಎಮೋ ಅಂದರೆ ಪಂಕ್ ರಾಕ್‌ನಿಂದ ಹುಟ್ಟಿದ, ಮನಸ್ಸಿನ ನೋವನ್ನು ಬಿಚ್ಚಿ ಹಾಡುವ ಸಂಗೀತ. 2016ರ ಜುಲೈ 20ರಂದು ಜನ ಆ ಗುಂಪಿಗೆ ಸೇರಿಸುವ ಅಮೆರಿಕದ ಮೈ ಕೆಮಿಕಲ್ ರೊಮ್ಯಾನ್ಸ್ ಬ್ಯಾಂಡ್ ಒಂದು ಪುಟ್ಟ ವಿಡಿಯೊ ಬಿಟ್ಟಿತು. ಗಾಳಿಗೆ ಹಾರುವ ಒಂದು ಬಾವುಟ, ಹಿಂದೆ ಪಿಯಾನೊ. ಪಿಯಾನೊದ ಮೊದಲ ಸ್ವರ ಕಿವಿಗೆ ಬಿದ್ದಿದ್ದೇ ತಡ, ಅಭಿಮಾನಿಗಳಿಗೆ ಮೈ ಜುಮ್ಮೆಂದಿತು. ಅದು ಜಿ ಸ್ವರ. 'ವೆಲ್‌ಕಮ್ ಟು ದ ಬ್ಲ್ಯಾಕ್ ಪರೇಡ್' ಹಾಡು ಶುರುವಾಗುವುದೇ ಅದರಿಂದ. ಬ್ಯಾಂಡ್ ಒಡೆದು ಆಗಲೇ ಮೂರು ವರ್ಷ ಆಗಿತ್ತು. ಮತ್ತೆ ಒಂದಾಗುತ್ತಿದ್ದಾರೆ ಅಂದುಕೊಂಡು ಕುಣಿದವರು ಎಷ್ಟೋ ಜನ. ಕೊನೆಗೆ ನೋಡಿದರೆ, ಆ ಹಾಡಿರುವ 'ದ ಬ್ಲ್ಯಾಕ್ ಪರೇಡ್' ಆಲ್ಬಮ್‌ಗೆ ಹತ್ತು ವರ್ಷ ತುಂಬಿದ್ದಕ್ಕೆ ಹೊಸ ಆವೃತ್ತಿ ಬರುತ್ತಿತ್ತು, ಅಷ್ಟೇ.

ಒಂದೇ ಒಂದು ಸ್ವರಕ್ಕೆ ಅಷ್ಟು ಶಕ್ತಿ ಎಲ್ಲಿಂದ ಬಂತು? 2006ರಲ್ಲಿ ಆ ಹಾಡು ಬಂದಾಗ ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು, ನಿಜ. ಆದರೆ ಮೊದಲಿನಿಂದ ಬ್ಯಾಂಡ್ ಜೊತೆಗಿದ್ದವರಲ್ಲಿ ಹಲವರು ಮೂಗು ಮುರಿದಿದ್ದರು. ಇದೇನಿದು ನಾಟಕ, ಇದೇನಿದು ಮೆರವಣಿಗೆಯ ಡ್ರೆಸ್ಸು ಅಂದಿದ್ದರು. ಇವತ್ತು ಅದೇ ಆಲ್ಬಮ್ಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಸ್ಟೇಡಿಯಂಗಳಲ್ಲಿ ನುಡಿಸುತ್ತಾರೆ. ಆ ಟೂರ್ 2025ರ ಜುಲೈ 11ರಂದು ಸಿಯಾಟಲ್‌ನಲ್ಲಿ ಶುರುವಾಯಿತು. ಆಲ್ಬಮ್‌ನಲ್ಲಿ ಒಂದು ಸ್ವರವೂ ಬದಲಾಗಿಲ್ಲ. ಹಾಗಾದರೆ ಬದಲಾಗಿದ್ದು ಏನು?

'ವಯಸ್ಸಾಗುತ್ತಾ ರುಚಿ ಬದಲಾಗುತ್ತೆ' ಅನ್ನುವುದು ಸುಲಭದ ಉತ್ತರ. ನಾನೂ ತುಂಬಾ ದಿನ ಹಾಗೇ ಅಂದುಕೊಂಡಿದ್ದೆ. ಈಗ ಅದು ಅರ್ಧ ಸತ್ಯ ಅನಿಸುತ್ತದೆ. ಒಂದು ಆಲ್ಬಮ್ ಬಂದ ದಿನ ನಾವು ಆ ಆಲ್ಬಮ್ಮನ್ನು ಕೇಳುವುದೇ ಇಲ್ಲ. ಅದಕ್ಕೂ ಅದರ ಹಿಂದಿನ ಆಲ್ಬಮ್‌ಗೂ ಇರುವ ದೂರವನ್ನು ಕೇಳುತ್ತೇವೆ. ಆ ದೂರ ಮರೆತ ಮೇಲೆ, ಅಥವಾ ಆ ದೂರವೇ ಗೊತ್ತಿಲ್ಲದ ಜನ ಬಂದ ಮೇಲೆ, ಆಲ್ಬಮ್ ಮೊದಲ ಸಲ ನಿಜವಾಗಿ ಕೇಳಿಸುತ್ತದೆ.

ಮೈ ಕೆಮಿಕಲ್ ರೊಮ್ಯಾನ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಯಾಕಂದರೆ ಅವರ ಸ್ಟುಡಿಯೊ ಆಲ್ಬಮ್‌ಗಳಲ್ಲಿ ನಾವೆಲ್ಲ ಜಗಳ ಆಡಿಕೊಂಡು ಬಂದಿರುವುದು ನಾಲ್ಕರ ಬಗ್ಗೆ ಮಾತ್ರ, ಆ ನಾಲ್ಕೂ ಒಂದಕ್ಕೊಂದು ಹೋಲುವುದಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿ ಆದ ಸ್ವಲ್ಪ ದಿನಕ್ಕೆ ನ್ಯೂಜೆರ್ಸಿಯಲ್ಲಿ ಹುಟ್ಟಿದ ಬ್ಯಾಂಡ್ ಇದು. 2002ರಲ್ಲಿ ಬಂದ ಮೊದಲ ಆಲ್ಬಮ್ಮನ್ನು ಅಭಿಮಾನಿಗಳು ಚಿಕ್ಕದಾಗಿ 'ಬುಲೆಟ್ಸ್' ಅನ್ನುತ್ತಾರೆ. ಸಣ್ಣ ರೆಕಾರ್ಡ್ ಕಂಪನಿ, ಒರಟು ಸದ್ದು. ಥರ್ಸ್‌ಡೇ ಬ್ಯಾಂಡ್‌ನ ಗಾಯಕ ಜೆಫ್ ರಿಕ್ಲಿ ಅದರ ಪ್ರೊಡ್ಯೂಸರ್. 2004ರ 'ರಿವೆಂಜ್' ಅವರನ್ನು ಮನೆಮಾತು ಮಾಡಿತು. 2006ರ 'ದ ಬ್ಲ್ಯಾಕ್ ಪರೇಡ್' ಸಾಯುತ್ತಿರುವ ಒಬ್ಬ ರೋಗಿಯ ಕಥೆ. 2010ರ 'ಡೇಂಜರ್ ಡೇಸ್' ಮರುಭೂಮಿ, ಲೇಸರ್ ಗನ್, ಕೆಂಪು ಕೂದಲು, ಕುಣಿಸುವ ಬೀಟ್. ಗಾಯಕ ಜೆರಾರ್ಡ್ ವೇ 'ನಮ್ಮದು ಎಮೋ ಅಲ್ಲ' ಅಂತ ಹೇಳಿಕೊಂಡೇ ಬಂದರು. ಎಮೋ ಅನ್ನುವ ಹೆಸರು ಹುಟ್ಟಿದ್ದೇ ಹಾಗೆ, ಯಾರಿಗೂ ಬೇಡದ ಮಗುವಿನ ಹಾಗೆ. 1980ರ ದಶಕದ ಮಧ್ಯದಲ್ಲಿ ವಾಷಿಂಗ್ಟನ್ ಡಿಸಿಯ ರೈಟ್ಸ್ ಆಫ್ ಸ್ಪ್ರಿಂಗ್‌ನಂಥ ಬ್ಯಾಂಡ್‌ಗಳಿಗೆ ಆ ಹೆಸರು ಅಂಟಿಸಿದಾಗ ಅಲ್ಲಿಯವರಿಗೂ ಅದು ಇಷ್ಟವಾಗಿರಲಿಲ್ಲ. ಆದರೆ ಕೇಳುಗರ ಬಾಯಲ್ಲಿ ಆ ಹೆಸರು ನಿಂತುಬಿಟ್ಟಿದೆ.

'ಡೇಂಜರ್ ಡೇಸ್' ಬಂದ ದಿನದ ಅನುಭವ ಹೇಳುತ್ತೇನೆ. ನಾನು ಹೆಡ್‌ಫೋನ್ ಹಾಕಿಕೊಂಡು, ಲೈಟ್ ಆರಿಸಿ, ಕಣ್ಣು ಮುಚ್ಚಿ ಕೂತಿದ್ದೆ. ನಾಲ್ಕು ವರ್ಷ ಕಾದ ಆಲ್ಬಮ್. 'ಬ್ಲ್ಯಾಕ್ ಪರೇಡ್' ಕೇಳಲು ಹಾಗೇ ಕೂರುತ್ತಿದ್ದೆ, ಅದಕ್ಕೇ ಇದಕ್ಕೂ ಹಾಗೇ ಕೂತೆ. ರೇಡಿಯೊ ನಿರೂಪಕನ ಥರ ಒಂದು ದನಿ ಬಂತು. ಆಮೇಲೆ 'ನಾ ನಾ ನಾ' ಅನ್ನುವ ಕೂಗು ಶುರುವಾಯಿತು. ಎರಡನೇ ನಿಮಿಷಕ್ಕೆ ಕಣ್ಣು ಬಿಟ್ಟೆ. ಯಾರೋ ನನ್ನ ಕೋಣೆಗೆ ನುಗ್ಗಿ ಗೋಡೆಗೆಲ್ಲ ಹಳದಿ ಬಣ್ಣ ಬಳಿದ ಹಾಗೆ ಅನಿಸಿತು. ಸಿಟ್ಟು ಬಂತು. ಆ ಸಿಟ್ಟು ಹಾಡಿನ ಮೇಲಲ್ಲ ಅಂತ ಗೊತ್ತಾಗಲು ನನಗೆ ಸುಮಾರು ವರ್ಷ ಬೇಕಾಯಿತು. ಕತ್ತಲಲ್ಲಿ ಕೂತವನನ್ನು ಹಾಗೇ ಬಿಟ್ಟು ಅವರು ಬಿಸಿಲಿಗೆ ಹೋಗಿಬಿಟ್ಟರಲ್ಲ ಅಂತ ಸಿಟ್ಟು.

ಎಮೋ ಅಭಿಮಾನಿಗಳಿಗೆ ಈ ನೋವು ಬೇರೆಯವರಿಗಿಂತ ಜಾಸ್ತಿ ಅಂತ ನನ್ನ ನಂಬಿಕೆ. ಈ ಸಂಗೀತ ನಿಂತಿರುವುದೇ ಒಂದು ಒಪ್ಪಂದದ ಮೇಲೆ. ಗಾಯಕ ತನ್ನ ಎದೆ ತೆರೆದಿಡುತ್ತಾನೆ, ಕೇಳುವವನು ಅದು ನನ್ನದೇ ಅಂತ ಎದೆಗವಚಿಕೊಳ್ಳುತ್ತಾನೆ. ಬಟ್ಟೆ, ಕೂದಲು, ಸ್ನೇಹಿತರ ಗುಂಪು ಎಲ್ಲವೂ ಆ ಆಲ್ಬಮ್‌ನ ಸುತ್ತ ಬೆಳೆದಿರುತ್ತದೆ. ಬ್ಯಾಂಡ್ ಬದಲಾದರೆ ಅದು ಬರೀ ಸಂಗೀತದ ಬದಲಾವಣೆ ಆಗಿ ಉಳಿಯುವುದಿಲ್ಲ. 'ನೀನು ಇನ್ನೂ ಅಲ್ಲೇ ಇದ್ದೀಯಾ?' ಅಂತ ನಮ್ಮನ್ನೇ ಕೇಳಿದ ಹಾಗಿರುತ್ತದೆ.

ಅಮೆರಿಕದ ಪಂಕ್ ಬ್ಯಾಂಡ್ ಜಾಬ್ರೇಕರ್‌ಗೆ ಆಗಿದ್ದು ಇದರ ಅತಿ ಕಹಿ ರೂಪ. ಅವರು ದೊಡ್ಡ ಕಂಪನಿಗೆ ಹೋಗುವುದಿಲ್ಲ ಅಂತ ಬಹಿರಂಗವಾಗಿ ಹೇಳಿಕೊಂಡಿದ್ದರು. ಆಮೇಲೆ ಗೆಫೆನ್ ಗುಂಪಿನ ಡಿಜಿಸಿ ಕಂಪನಿಗೆ ಸಹಿ ಹಾಕಿದರು. 1995ರಲ್ಲಿ 'ಡಿಯರ್ ಯೂ' ಬಂತು. ಗಾಯಕ ಬ್ಲೇಕ್ ಶ್ವಾರ್ಟ್ಸೆನ್‌ಬಾಕ್ ಅವರ ದನಿಯಲ್ಲಿ ಹಳೆಯ ಒರಟುತನ ಇರಲಿಲ್ಲ. ಅದಕ್ಕೂ ಕೆಲವು ವರ್ಷ ಮೊದಲೇ ಅವರಿಗೆ ಗಂಟಲಿನ ಶಸ್ತ್ರಚಿಕಿತ್ಸೆ ಆಗಿತ್ತು. ಆದರೆ ಕೇಳುಗರಿಗೆ ಆ ನುಣುಪಾದ ದನಿಯಲ್ಲಿ ಕೇಳಿಸಿದ್ದು ದುಡ್ಡಿನ ಸದ್ದು. ಕನ್ಸರ್ಟ್‌ಗಳಲ್ಲಿ ಹೊಸ ಹಾಡು ಶುರುವಾದಾಗ ಕೆಲವರು ವೇದಿಕೆಗೆ ಬೆನ್ನು ತಿರುಗಿಸಿ ನೆಲದ ಮೇಲೆ ಕೂತರು. ಮುಂದಿನ ವರ್ಷವೇ ಬ್ಯಾಂಡ್ ಒಡೆಯಿತು.

ಆ ಆಲ್ಬಮ್ ವರ್ಷಗಟ್ಟಲೆ ಅಂಗಡಿಯಲ್ಲಿ ಸಿಗುತ್ತಲೇ ಇರಲಿಲ್ಲ. 2004ರಲ್ಲಿ ಡ್ರಮ್ಮರ್ ಆಡಮ್ ಫಾಲರ್ ತಮ್ಮದೇ ಪುಟ್ಟ ಕಂಪನಿಯಿಂದ ಅದನ್ನು ಮತ್ತೆ ಹೊರತಂದರು. ಅಷ್ಟು ಹೊತ್ತಿಗೆ ಹೊಸ ಕಿವಿಗಳು ಬಂದಿದ್ದವು. 'ದೊಡ್ಡ ಕಂಪನಿಗೆ ಹೋದರು' ಅನ್ನುವುದೇ ಆ ಹುಡುಗ ಹುಡುಗಿಯರಿಗೆ ಯಾಕೆ ತಪ್ಪು ಅಂತ ಅರ್ಥವಾಗುತ್ತಿರಲಿಲ್ಲ. ಅವರಿಗೆ ಕೇಳಿಸಿದ್ದು ಸುಸ್ತಾದ, ಒಂಟಿಯಾದ, ತುಂಬಾ ಚೆನ್ನಾಗಿ ಬರೆದ ಹಾಡುಗಳು. ಈಗ ಎಮೋದ ಬೇರು ಹುಡುಕುವವರು ಆ ಆಲ್ಬಮ್ಮನ್ನು ದಾಟಿಕೊಂಡು ಹೋಗುವ ಹಾಗಿಲ್ಲ. 2017ರಲ್ಲಿ ಶಿಕಾಗೋದ ರಾಯಟ್ ಫೆಸ್ಟ್‌ನಲ್ಲಿ ಬ್ಯಾಂಡ್ ಮತ್ತೆ ನಿಂತಾಗ ಬೆನ್ನು ತಿರುಗಿಸುವವರು ಯಾರೂ ಉಳಿದಿರಲಿಲ್ಲ. ಇನ್ನೊಂದು ವಿಷಯ. 'ಡಿಯರ್ ಯೂ' ಪ್ರೊಡ್ಯೂಸ್ ಮಾಡಿದ ರಾಬ್ ಕವಾಲೊ ಅವರೇ ಹನ್ನೊಂದು ವರ್ಷದ ಮೇಲೆ 'ಬ್ಲ್ಯಾಕ್ ಪರೇಡ್' ಕೂಡ ಪ್ರೊಡ್ಯೂಸ್ ಮಾಡಿದರು. ಒಂದು ಕಾಲಕ್ಕೆ ದ್ರೋಹ ಅಂತ ಕೇಳಿಸಿದ ಆ ದೊಡ್ಡ, ತುಂಬಿದ ಗಿಟಾರ್ ಸದ್ದು ಮುಂದಿನ ತಲೆಮಾರಿಗೆ ಎಮೋದ ಸಹಜ ಸದ್ದೇ ಆಗಿಹೋಗಿತ್ತು.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಬೆನ್ನು ತಿರುಗಿಸಿ ಕೂತವರು ಮನಸ್ಸು ಬದಲಾಯಿಸಿದರಾ? ಕೆಲವರು ಬದಲಾಯಿಸಿರಬಹುದು. ಆದರೆ 'ಅಭಿಮಾನಿಗಳ ಅಭಿಪ್ರಾಯ ಬದಲಾಯಿತು' ಅಂತ ನಾವು ಸಲೀಸಾಗಿ ಹೇಳುವಾಗ, ಎಷ್ಟೋ ಸಲ ಯಾರ ಅಭಿಪ್ರಾಯವೂ ಬದಲಾಗಿರುವುದಿಲ್ಲ. ಅಭಿಮಾನಿಗಳೇ ಬದಲಾಗಿರುತ್ತಾರೆ.

ವೀಜರ್ ಬ್ಯಾಂಡ್‌ನ 'ಪಿಂಕರ್ಟನ್' ನೋಡಿ. ಅದು ಪೂರ್ತಿ ಎಮೋ ಅಲ್ಲದಿದ್ದರೂ ಮುಂದೆ ಬಂದ ಎಮೋ ಹುಡುಗರೆಲ್ಲ ಅದನ್ನು ತಲೆಮೇಲೆ ಹೊತ್ತು ಮೆರೆಸಿದರು. 1994ರ ನೀಲಿ ಬಣ್ಣದ ಮೊದಲ ಆಲ್ಬಮ್ ಹಾಡಿ ಕುಣಿಯುವಂಥದ್ದು. 1996ರ 'ಪಿಂಕರ್ಟನ್' ಒಬ್ಬ ಒಂಟಿ ಮನುಷ್ಯನ ಡೈರಿ. ಮುಜುಗರ ಆಗುವಷ್ಟು ಬಿಚ್ಚುಮನಸ್ಸಿನದು. ರೋಲಿಂಗ್ ಸ್ಟೋನ್ ಪತ್ರಿಕೆಯ ಓದುಗರು ಅದನ್ನು ಆ ವರ್ಷದ ಅತಿ ಕೆಟ್ಟ ಆಲ್ಬಮ್‌ಗಳ ಸಾಲಿಗೆ ಸೇರಿಸಿದರು. ಆರು ವರ್ಷ ಕಳೆಯಿತು. 2002ರಲ್ಲಿ ಅದೇ ಪತ್ರಿಕೆಯ ಓದುಗರು ಸಾರ್ವಕಾಲಿಕ ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಯಲ್ಲಿ ಅದಕ್ಕೆ 16ನೇ ಸ್ಥಾನ ಕೊಟ್ಟರು.

'ಅದೇ ಪತ್ರಿಕೆಯ ಓದುಗರು' ಅಂದೆ, ಆದರೆ ಅವರೇ ಇವರಲ್ಲ. 1996ರಲ್ಲಿ ಓಟು ಹಾಕಿದವರಲ್ಲಿ ಹಲವರು ರೇಡಿಯೊದಲ್ಲಿ ವೀಜರ್ ಹಾಡು ಕೇಳಿ ಖುಷಿಪಟ್ಟವರು. ಅವರಿಗೆ ಬೇಕಿದ್ದು ಇನ್ನೊಂದು ನೀಲಿ ಆಲ್ಬಮ್. ಸಿಗಲಿಲ್ಲ, ಹೊರಟುಹೋದರು. ಹೋದವರನ್ನು ಯಾರೂ ಮತ್ತೆ ಕರೆದು ಕೇಳುವುದಿಲ್ಲ ಅಲ್ವಾ? ಉಳಿದವರು ಮತ್ತು ಆಮೇಲೆ ಬಂದವರು ಆ ಆಲ್ಬಮ್‌ನ ಕಾರಣಕ್ಕೇ ಅಲ್ಲಿದ್ದವರು. ಅವರು ಹಾಕಿದ ಓಟಿನಲ್ಲಿ ಅದು ಮೇಲೆ ಬಂದಿದ್ದು ಸಹಜ. ಯಾವುದೇ ಹಳೆಯ ಆಲ್ಬಮ್ 'ಕೊನೆಗೂ ಗೆದ್ದಿತು' ಅಂತ ಓದಿದಾಗ ನನಗೆ ಇದು ನೆನಪಾಗುತ್ತದೆ. ಗೆದ್ದಿರಬಹುದು. ಆದರೆ ಸೋಲಿಸಿದವರು ಮೈದಾನದಲ್ಲೇ ಇರಲಿಲ್ಲ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಹಾಡು ಬರೆದ ರಿವರ್ಸ್ ಕ್ವೋಮೊ. ಜನ ಬೈದಿದ್ದನ್ನು ಅವರು ನಂಬಿಬಿಟ್ಟರು. ಕೆಲವು ವರ್ಷ ಆ ಆಲ್ಬಮ್ಮನ್ನು ತಾವೇ ಹಳಿದರು, ಅದರಿಂದ ದೂರ ನಿಂತರು. ಕೇಳುಗರು ಪ್ರೀತಿಸಲು ಶುರುಮಾಡಿದ ಹೊತ್ತಿಗೆ ಬರೆದವರಿಗೇ ಅದು ಬೇಡವಾಗಿತ್ತು. 2010ರಲ್ಲಿ ವೀಜರ್ ಮೊದಲೆರಡು ಆಲ್ಬಮ್‌ಗಳನ್ನು ಪೂರ್ತಿ ನುಡಿಸುವ ಟೂರ್ ಮಾಡಿತು. ಆಗ ಹದಿನಾಲ್ಕು ವರ್ಷದ ಮೇಲೆ ಆ ಹಾಡುಗಳನ್ನು ಜನ ಸಾಲು ಸಾಲು ಬಾಯಿಪಾಠ ಹಾಡುವುದನ್ನು ಅವರು ವೇದಿಕೆಯ ಮೇಲಿಂದ ನೋಡಿದರು. ಒಂದು ಆಲ್ಬಮ್ ಬಂದ ವಾರದಲ್ಲೇ ತೀರ್ಪು ಕೊಡುವ ನಮ್ಮ ಅವಸರಕ್ಕೆ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಅದು ನೆನಪಿದ್ದರೆ ಒಳ್ಳೆಯದು.

ಫಾಲ್ ಔಟ್ ಬಾಯ್ ಬ್ಯಾಂಡ್‌ಗೂ ಹೀಗೇ ಆಯಿತು. 2008ರ ಡಿಸೆಂಬರ್‌ನಲ್ಲಿ ಬಂದ 'ಫೋಲಿ ಆ ಡೂ' ಆಲ್ಬಮ್‌ನ ಹಾಡುಗಳನ್ನು ನುಡಿಸಿದಾಗ ಅಭಿಮಾನಿಗಳೇ ಕೂಗಿ ತಡೆದರು. ಮುಂದಿನ ವರ್ಷ ಬ್ಯಾಂಡ್ ಬಿಡುವು ತೆಗೆದುಕೊಂಡಿತು. 2013ರಲ್ಲಿ ವಾಪಸ್ ಬಂದಾಗ ಅವರ ಸದ್ದು ಇನ್ನೂ ಬೇರೆಯಾಗಿತ್ತು, ಪೂರ್ತಿ ಪಾಪ್ ಕಡೆ ವಾಲಿತ್ತು. ಆಗ ಜನರಿಗೆ 'ಫೋಲಿ' ನೆನಪಾಯಿತು. 2008ರಲ್ಲಿ ಅದು ಹಳೆಯ ಫಾಲ್ ಔಟ್ ಬಾಯ್‌ನಿಂದ ದೂರ ಹೋದ ಆಲ್ಬಮ್. 2013ರ ಮೇಲೆ ನೋಡಿದರೆ ಅದೇ ಹಳೆಯ ಫಾಲ್ ಔಟ್ ಬಾಯ್‌ನ ಕೊನೆಯ ಆಲ್ಬಮ್. ಮುಂದೆ ಏನು ಬಂತು ಅನ್ನುವುದು ಹಿಂದಿನದರ ಅರ್ಥವನ್ನೇ ತಿರುಗಿಸಿ ಹಾಕುತ್ತದೆ.

'ಡೇಂಜರ್ ಡೇಸ್' ಪಾಡೂ ಇದೇ, ಆದರೆ ಅದು ಎರಡು ಸಲ ತಿರುಗಿತು. 2013ರ ಮಾರ್ಚ್ 22ರಂದು ಬ್ಯಾಂಡ್ ಮುಗಿಯಿತು ಅಂತ ಘೋಷಣೆ ಬಂತು. ಅಲ್ಲಿಯವರೆಗೆ 'ಸದ್ಯದ ಆಲ್ಬಮ್' ಆಗಿದ್ದದ್ದು ಒಂದೇ ರಾತ್ರಿಯಲ್ಲಿ 'ಕೊನೆಯ ಆಲ್ಬಮ್' ಆಯಿತು. ಕೊನೆಯದು ಅಂದ ಕೂಡಲೇ ಅದರ ಮೇಲೆ ಹೊರೆ ಬೀಳುತ್ತದೆ. ಇಷ್ಟು ದೊಡ್ಡ ಬ್ಯಾಂಡ್ ಇದರಲ್ಲಿ ಮುಗಿಯಬೇಕಿತ್ತಾ ಅಂತ ಕೊರಗಿದವರು ಒಂದು ಕಡೆ. ಸಾವಿನ ಬಗ್ಗೆ ಹಾಡಿ ಹಾಡಿ ಕೊನೆಗೆ ಬದುಕಿನ ಗದ್ದಲದಲ್ಲಿ ಮುಗಿಸಿದರಲ್ಲ ಅಂತ ಮೆಚ್ಚಿದವರು ಇನ್ನೊಂದು ಕಡೆ. ಅದೇ ಹೊತ್ತಿಗೆ ಇನ್ನೊಂದು ಸಂಗತಿಯೂ ಆಗಿತ್ತು. 'ಡೇಂಜರ್ ಡೇಸ್'ಗೆ ಮೊದಲು ಅವರು ಒಂದು ಆಲ್ಬಮ್ ಆಗುವಷ್ಟು ಹಾಡು ಮಾಡಿ, ಬೇಡ ಅಂತ ಪಕ್ಕಕ್ಕಿಟ್ಟಿದ್ದರು. ಅದರಲ್ಲಿ ಹತ್ತನ್ನು 2012ರ ಅಕ್ಟೋಬರ್‌ನಿಂದ 2013ರ ಫೆಬ್ರವರಿವರೆಗೆ ತಿಂಗಳಿಗೆ ಎರಡರಂತೆ ಬಿಟ್ಟರು. 'ಕನ್ವೆನ್ಷನಲ್ ವೆಪನ್ಸ್' ಅಂತ ಅದರ ಹೆಸರು. ಆ ಹಾಡುಗಳು ನೇರ, ಒಣ, ರಾಕ್ ಗಿಟಾರ್ ಹಾಡುಗಳು. ಅವನ್ನು ಕೇಳಿದ ಮೇಲೆ ನನಗೆ ನಡುವಿನ ಮೆಟ್ಟಿಲು ಕಂಡಿತು. ಕತ್ತಲಿಂದ ಬಿಸಿಲಿಗೆ ಅವರು ಒಂದೇ ನೆಗೆತಕ್ಕೆ ಹಾರಿರಲಿಲ್ಲ. ನಡುವೆ ಒಂದು ದಾರಿ ಹಿಡಿದು, ಸರಿಹೋಗದೆ, ವಾಪಸ್ ಬಂದಿದ್ದರು. ನಾನು ಕೇಳಿಸಿಕೊಂಡಿದ್ದ ಆ ದೂರ ಅರ್ಧಕ್ಕರ್ಧ ಕಮ್ಮಿ ಆಯಿತು.

ಆಮೇಲೆ 2019ರ ಅಕ್ಟೋಬರ್ 31ಕ್ಕೆ ಬ್ಯಾಂಡ್ ವಾಪಸ್ ಬರುವ ಸುದ್ದಿ ಬಂತು. 'ಡೇಂಜರ್ ಡೇಸ್' ಕಥೆ ನಡೆಯುವುದು 2019ರಲ್ಲೇ! ಅಭಿಮಾನಿಗಳು ಇದನ್ನು ಗಮನಿಸದೆ ಬಿಡುತ್ತಾರಾ? ಆ ಆಲ್ಬಮ್ 'ಕೊನೆಯದು' ಅನ್ನುವ ಹೊರೆಯೂ ಇಳಿಯಿತು. ಈಗ ಅದು ನಾಲ್ಕರಲ್ಲಿ ನಾಲ್ಕನೆಯದು, ಅಷ್ಟೇ. ಹಗುರಾಗಿ ಕೇಳಿದರೆ ಅದೆಷ್ಟು ಚೆನ್ನಾಗಿದೆ ಅಂತ ಹೇಳುವವರು ಜಾಸ್ತಿ ಆದರು. ನಾನೂ ಅವರಲ್ಲಿ ಒಬ್ಬ.

ಇಷ್ಟು ಹೇಳಿದ ಮೇಲೆ ವಯಸ್ಸಿನ ವಿಷಯಕ್ಕೆ ಬರಬೇಕು. ಮನಃಶಾಸ್ತ್ರದಲ್ಲಿ ಒಂದು ಮಾತಿದೆ. ವಯಸ್ಸಾದವರನ್ನು ಬದುಕಿನ ನೆನಪು ಹೇಳಿ ಅಂದರೆ, ಹತ್ತರಿಂದ ಮೂವತ್ತು ವರ್ಷದ ನಡುವಿನವೇ ಹೆಚ್ಚು ಬರುತ್ತವೆ. ಆ ವಯಸ್ಸಿನಲ್ಲಿ ಕೇಳಿದ ಹಾಡಿಗೂ ಅದೇ ಬಲ. ಇನ್ನೊಂದು, 1968ರಲ್ಲಿ ರಾಬರ್ಟ್ ಝಯಾಂಕ್ ತೋರಿಸಿದ್ದು: ಒಂದು ವಸ್ತುವನ್ನು ಪದೇ ಪದೇ ಎದುರಿಗೆ ತಂದರೆ ಸಾಕು, ಅದು ಇಷ್ಟವಾಗುತ್ತಾ ಹೋಗುತ್ತದೆ. ಎಮೋ ಬಗ್ಗೆ ಬರೆಯುವವರು ಇವೆರಡನ್ನೂ ಹೇಳಿ ಮುಗಿಸಿಬಿಡುತ್ತಾರೆ. ಎಲ್ಲಾ ಹಳೆಯ ನೆನಪಿನ ಆಟ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನೆನಪೊಂದೇ ಕಾರಣ ಆಗಿದ್ದರೆ ಹದಿನಾರನೇ ವಯಸ್ಸಿನಲ್ಲಿ ಮಾಡಿದ ಇಷ್ಟದ ಆಲ್ಬಮ್‌ಗಳ ಪಟ್ಟಿ ನಲವತ್ತಕ್ಕೂ ಹಾಗೇ ಇರಬೇಕಿತ್ತು. ಅದು ಮನಸ್ಸು ಯಾಕೆ ಅಂಟಿಕೊಳ್ಳುತ್ತದೆ ಅಂತ ಹೇಳುತ್ತದೆ. ಯಾಕೆ ಬದಲಾಗುತ್ತದೆ ಅಂತ ಹೇಳುವುದಿಲ್ಲ.

ಬದಲಾಗುವುದು ಹೇಗೆ ಅಂತ ನನಗೆ ಗೊತ್ತಾಗಿದ್ದು ಒಂದೇ ಹಾಡಿನಿಂದ. 'ಬ್ಲ್ಯಾಕ್ ಪರೇಡ್'ನಲ್ಲಿ 'ಕ್ಯಾನ್ಸರ್' ಅಂತ ಒಂದು ಹಾಡಿದೆ. ಎರಡೂವರೆ ನಿಮಿಷವೂ ಇಲ್ಲ. ಪಿಯಾನೊ ಮುಂದೆ, ಉಳಿದದ್ದೆಲ್ಲ ಹಿಂದೆ. ಹಾಡುವವನೇ ರೋಗಿ. ಹಾಸಿಗೆಯಿಂದ ಮಾತಾಡುತ್ತಿದ್ದಾನೆ. ಮೊದಲು ಕೇಳಿದಾಗ ನನಗದು ಇಡೀ ಆಲ್ಬಮ್‌ನಲ್ಲಿ ತೀರಾ ನಾಟಕೀಯ ಅನಿಸಿತ್ತು. ಮುಂದಿನ ಜೋರು ಹಾಡಿಗೆ ಹೋಗಲು ಅದನ್ನು ದಾಟಿಸುತ್ತಿದ್ದೆ. ಎಷ್ಟೋ ವರ್ಷದ ಮೇಲೆ, ತುಂಬಾ ಹತ್ತಿರದವರೊಬ್ಬರ ಕೀಮೊ ನಡೆಯುತ್ತಿದ್ದ ದಿನಗಳಲ್ಲಿ, ಆಸ್ಪತ್ರೆಯ ಕಾರಿಡಾರ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಇಯರ್‌ಫೋನ್ ಹಾಕಿಕೊಂಡಿದ್ದೆ. ಹಾಡು ತಾನಾಗೇ ಬಂತು. ಈ ಸಲ ದಾಟಿಸಲಿಲ್ಲ. ಒಣಗಿದ ತುಟಿ, ಉದುರಿದ ಕೂದಲು, ನೀರು ಬೇಕು ಅನ್ನುವ ಕೋರಿಕೆ. ಯಾವುದೂ ನಾಟಕ ಅಲ್ಲ. ಒಳಗೆ ಆ ಕೋಣೆಯಲ್ಲಿ ಅರ್ಧ ಗಂಟೆ ಮೊದಲು ನಾನೇ ಹತ್ತಿ ಅದ್ದಿ ತುಟಿ ಒರೆಸಿ ಬಂದಿದ್ದೆ. ಗಂಟಲು ಕಟ್ಟಿತು.

ಹಾಡು ಬೆಳೆಯಲಿಲ್ಲ. ನನ್ನ ರುಚಿ ಬೆಳೆಯಿತು ಅಂತಲೂ ಹೇಳಲಾರೆ. ಹಾಡಿನೊಳಗೆ ನಾನು ನಿಂತ ಜಾಗ ಬದಲಾಗಿತ್ತು. ಮೊದಲು ಬಾಗಿಲ ಹೊರಗಿಂದ ನೋಡುತ್ತಿದ್ದೆ. ಈಗ ಹಾಸಿಗೆಯ ಪಕ್ಕ ನಿಂತಿದ್ದೆ. 'ಬ್ಲ್ಯಾಕ್ ಪರೇಡ್' ಇಷ್ಟು ವರ್ಷ ಮೇಲಕ್ಕೇ ಹೋಗುತ್ತಿರುವುದಕ್ಕೆ ಇದು ದೊಡ್ಡ ಕಾರಣ ಅನಿಸುತ್ತದೆ. ಅದನ್ನು ಕೇಳಿ ಬೆಳೆದವರಿಗೆ ಈಗ ಸಾವು ನಿಜವಾಗಿ ಹತ್ತಿರ ಬರುವ ವಯಸ್ಸು. ಅಪ್ಪ ಅಮ್ಮನಿಗೆ ವಯಸ್ಸಾಗಿದೆ. ಆ ಆಲ್ಬಮ್ ಅವರಿಗೋಸ್ಕರ ಕಾದುಕೊಂಡಿತ್ತು.

ಕೆಳಗೆ ಇಳಿದ ಹಾಡುಗಳೂ ಇವೆ. 2000ದ ದಶಕದ ಮೊದಲ ಭಾಗದ ಎಮೋದಲ್ಲಿ ಬಿಟ್ಟುಹೋದ ಹುಡುಗಿಯ ಮೇಲಿನ ಸೇಡು ತುಂಬಾ ಜಾಸ್ತಿ. ಆಗ ನಾವು ಅದನ್ನು ನೋವು ಅಂತ ಕೇಳಿಸಿಕೊಂಡೆವು. 2003ರಲ್ಲೇ ಸಂಗೀತ ವಿಮರ್ಶಕಿ ಜೆಸಿಕಾ ಹಾಪರ್ 'ಪಂಕ್ ಪ್ಲಾನೆಟ್' ಪತ್ರಿಕೆಯಲ್ಲಿ ಈ ಹಾಡುಗಳಲ್ಲಿ ಹೆಣ್ಣುಮಕ್ಕಳು ಮನುಷ್ಯರಾಗಿ ಎಲ್ಲಿದ್ದಾರೆ ಅಂತ ಕೇಳಿದ್ದರು. ಹೆಚ್ಚಿನ ಹುಡುಗರಿಗೆ ಆ ಪ್ರಶ್ನೆ ಕೇಳಿಸಲು ಇನ್ನೂ ಹತ್ತು ವರ್ಷ ಬೇಕಾಯಿತು. ಹಾಡಿದವರೇ ಕೇಳಿಕೊಂಡ ಉದಾಹರಣೆಯೂ ಇದೆ. ಪ್ಯಾರಮೋರ್ ಬ್ಯಾಂಡ್ 2018ರಲ್ಲಿ ತಮ್ಮ ಅತಿ ಜನಪ್ರಿಯ ಹಾಡಾದ 'ಮಿಸರಿ ಬಿಸಿನೆಸ್' ಇನ್ನು ವೇದಿಕೆಯಲ್ಲಿ ಹಾಡುವುದಿಲ್ಲ ಅಂತ ನಿಲ್ಲಿಸಿತು. ಇನ್ನೊಬ್ಬ ಹುಡುಗಿಯನ್ನು ಹೀನಾಯವಾಗಿ ಕರೆಯುವ ಒಂದು ಸಾಲು ಅದರಲ್ಲಿತ್ತು. ಗಾಯಕಿ ಹೇಲಿ ವಿಲಿಯಮ್ಸ್ ಅದನ್ನು ಬರೆದಾಗ ಇನ್ನೂ ಹದಿಹರೆಯದವರು. 2022ರಲ್ಲಿ ಆ ಹಾಡು ವಾಪಸ್ ಬಂತು. ನನಗೆ ಎರಡೂ ಸರಿ ಅನಿಸುತ್ತದೆ. ಹದಿನೇಳರಲ್ಲಿ ಬರೆದದ್ದನ್ನು ಮೂವತ್ತರಲ್ಲಿ ಹಾಡಲು ಮುಜುಗರ ಆಗುವುದೂ ನಿಜ. ಆಮೇಲೆ ಆ ಹದಿನೇಳರ ಹುಡುಗಿಯನ್ನು ಕ್ಷಮಿಸುವುದೂ ನಿಜ.

ಹೊರಗಿನ ಒತ್ತಡವೂ ಅಭಿಪ್ರಾಯವನ್ನು ಗಟ್ಟಿ ಮಾಡುತ್ತದೆ. 2008ರಲ್ಲಿ ಬ್ರಿಟನ್ನಿನ ಡೈಲಿ ಮೇಲ್ ಪತ್ರಿಕೆ ಎಮೋವನ್ನು ಆತ್ಮಹತ್ಯೆಗೆ ತಳುಕು ಹಾಕಿ ಬರೆಯಿತು. ಮೈ ಕೆಮಿಕಲ್ ರೊಮ್ಯಾನ್ಸ್ ಹೆಸರೂ ಬಂತು. ಮೇ 31ರಂದು ಅಭಿಮಾನಿಗಳು ಲಂಡನ್ನಿನಲ್ಲಿ ಆ ಪತ್ರಿಕೆಯ ಕಚೇರಿ ಮುಂದೆ ಪ್ರತಿಭಟನೆ ಮಾಡಿದರು. ಈ ಹಾಡುಗಳು ನಮ್ಮನ್ನು ಬದುಕಿಸಿವೆ ಅನ್ನುವುದು ಅವರ ಮಾತಾಗಿತ್ತು. ಇಡೀ ಊರು ಬೈಯುವಾಗ ಮನೆಯವರ ತಪ್ಪು ಯಾರೂ ಎತ್ತಿ ಆಡುವುದಿಲ್ಲ. ಆ ವರ್ಷಗಳಲ್ಲಿ 'ಬ್ಲ್ಯಾಕ್ ಪರೇಡ್'ನ ಕೊರತೆ ಬಗ್ಗೆ ಅಭಿಮಾನಿಗಳ ಗುಂಪಿನಲ್ಲಿ ಸೊಲ್ಲೆತ್ತುವುದೇ ಕಷ್ಟವಾಗಿತ್ತು. ಗಲಾಟೆ ತಣ್ಣಗಾದ ಮೇಲಷ್ಟೇ ಯಾವ ಹಾಡು ದುರ್ಬಲ, ಯಾವುದು ಉದ್ದ ಆಯಿತು ಅಂತ ಮನಸ್ಸು ಬಿಚ್ಚಿ ಮಾತಾಡಲು ಆಯಿತು.

ಹಾಗಾದರೆ ಯಾವ ನಿರೀಕ್ಷೆಯೂ ಇಲ್ಲದೆ ಬಂದ ಆಲ್ಬಮ್‌ಗೆ ಏನಾಗುತ್ತದೆ? ಅಮೆರಿಕನ್ ಫುಟ್‌ಬಾಲ್ ಬ್ಯಾಂಡ್ ಅದಕ್ಕೆ ಉತ್ತರ. ಇಲಿನಾಯ್‌ನ ಕಾಲೇಜು ಹುಡುಗರು. 1999ರಲ್ಲಿ ಒಂದು ಆಲ್ಬಮ್, ಅಷ್ಟಕ್ಕೇ ಬ್ಯಾಂಡ್ ಮುಗಿಯಿತು. ಮುಖಪುಟದಲ್ಲಿ ಅರ್ಬಾನಾ ಊರಿನ ಒಂದು ಬಿಳಿ ಮನೆ, ಮಹಡಿಯ ಕಿಟಕಿಯಲ್ಲಿ ದೀಪ. ಬೇರೆ ಬೇರೆ ಶ್ರುತಿಗೆ ಕಟ್ಟಿದ ಗಿಟಾರ್, ನಡುವೆ ಎಲ್ಲೋ ಒಂದು ಟ್ರಂಪೆಟ್. ನಿರಾಸೆ ಪಡಲು ಹಳೆಯ ಅಭಿಮಾನಿಗಳೇ ಇರಲಿಲ್ಲ. ಹದಿನೈದು ವರ್ಷ ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಯಿತು, ಜಗಳವಿಲ್ಲದೆ ಮೇಲೇರಿತು. 2014ರಲ್ಲಿ ಬ್ಯಾಂಡ್ ಮತ್ತೆ ಸೇರಿತು. 2016ರಲ್ಲಿ ಎರಡನೇ ಆಲ್ಬಮ್ ಬಂದಾಗ ಮೊದಲ ಸಲ ಹೋಲಿಕೆ ಶುರುವಾಯಿತು. ಪಾಪ, ಆ ಎರಡನೆಯದನ್ನು ಜನ ಒರೆಗೆ ಹಚ್ಚಿದ್ದು ಹದಿನೇಳು ವರ್ಷದ ತಮ್ಮದೇ ನೆನಪುಗಳಿಗೆ. ಆ ಮನೆಯ ಮುಂದೆ ಫೋಟೊ ತೆಗೆಸಿಕೊಳ್ಳಲು ಜನ ಹೋಗುತ್ತಲೇ ಇದ್ದರು. 2023ರಲ್ಲಿ ಬ್ಯಾಂಡ್, ಅವರ ಕಂಪನಿ ಪಾಲಿವಿನೈಲ್ ಮತ್ತು ಕೆಲವು ಗೆಳೆಯರು ಸೇರಿ ಆ ಮನೆಯನ್ನೇ ಕೊಂಡರು.

ಈಗ ಹೊಸದಾಗಿ ಬರುವ ಕೇಳುಗರೆಲ್ಲ ಸ್ವಲ್ಪ ಹೀಗೇ. ಸ್ಟ್ರೀಮಿಂಗ್‌ನಲ್ಲಿ ಮೈ ಕೆಮಿಕಲ್ ರೊಮ್ಯಾನ್ಸ್‌ನ (ಚಿಕ್ಕದಾಗಿ ಎಂಸಿಆರ್) ನಾಲ್ಕೂ ಆಲ್ಬಮ್ ಅಕ್ಕಪಕ್ಕ ಇರುತ್ತವೆ. ಮೊದಲು ಬಂದಿದ್ದು ಯಾವುದು, ಆಮೇಲೆ ಬಂದಿದ್ದು ಯಾವುದು ಅನ್ನುವುದರ ನೋವು ಅವರಿಗಿಲ್ಲ. 'ಬ್ಲ್ಯಾಕ್ ಪರೇಡ್'ನಿಂದ ಶುರುಮಾಡಿ ಹಿಂದಕ್ಕೆ ಹೋಗುತ್ತಾರೆ. ಹಾಗೆ ಹೋದಾಗ 'ಬುಲೆಟ್ಸ್' ಅವರಿಗೆ ಕಚ್ಚಾ ಅನಿಸುವುದಿಲ್ಲ, ಬೆಂಕಿ ಹತ್ತಿದ ಜಾಗ ಅನಿಸುತ್ತದೆ. ನನಗಿಂತ ಹದಿನೈದು ವರ್ಷ ಚಿಕ್ಕವಳಾದ ಹುಡುಗಿಯೊಬ್ಬಳು 'ಡೇಂಜರ್ ಡೇಸ್ ಮೊದಲು ಕೇಳಿದೆ, ಅದೇ ನನ್ನ ಎಂಸಿಆರ್' ಅಂದಾಗ ನನಗೆ ವಾದ ಮಾಡಬೇಕು ಅನಿಸಲಿಲ್ಲ. ಅವಳ ಕಿವಿಯಲ್ಲಿ ಆ ಕತ್ತಲ ಕೋಣೆಯೇ ಇರಲಿಲ್ಲವಲ್ಲ.

ಯಾವ ಆಲ್ಬಮ್ ಮೇಲೆ, ಯಾವುದು ಕೆಳಗೆ ಅನ್ನುವ ಪಟ್ಟಿಯಲ್ಲಿ ಕಂಪನಿಗಳೂ ಟೂರ್ ಆಯೋಜಕರೂ ಕೈ ಆಡಿಸುತ್ತಾರೆ ಅನ್ನುವುದನ್ನು ಮರೆಯಬಾರದು. ಹತ್ತನೇ ವರ್ಷ, ಇಪ್ಪತ್ತನೇ ವರ್ಷ ಅಂತ ಹೊಸ ಆವೃತ್ತಿ ಬರುತ್ತದೆ. 2024ರಲ್ಲಿ ಲಾಸ್ ವೇಗಸ್‌ನ 'ವೆನ್ ವಿ ವರ್ ಯಂಗ್' ಉತ್ಸವದಲ್ಲಿ ಬ್ಯಾಂಡ್‌ಗಳು ಒಂದೊಂದು ಹಳೆಯ ಆಲ್ಬಮ್ಮನ್ನು ಪೂರ್ತಿ ನುಡಿಸಿದವು. ಇದರಲ್ಲಿ ಒಳ್ಳೆಯದೂ ಇದೆ. ಯಾರೂ ಕೇಳದ ಒಂಬತ್ತನೇ ಹಾಡು, ಹತ್ತನೇ ಹಾಡು ವೇದಿಕೆಗೆ ಬರುತ್ತವೆ. ಆದರೆ ಸ್ಟೇಡಿಯಂ ಸಿಗುವುದು ಆಗಲೇ ಗೆದ್ದ ಆಲ್ಬಮ್‌ಗೆ. ಗೆದ್ದದ್ದು ಇನ್ನೂ ಗೆಲ್ಲುತ್ತದೆ.

2025ರ ಜೂನ್‌ನಲ್ಲಿ 'ರಿವೆಂಜ್'ನ ಹೊಸ ಆವೃತ್ತಿ ಬಂತು. ರಿಚ್ ಕಾಸ್ಟಿ ಅವರು ಹಾಡುಗಳನ್ನು ಮತ್ತೆ ಮಿಕ್ಸ್ ಮಾಡಿದ್ದಾರೆ. ವಾದ್ಯಗಳು ಬಿಡಿಬಿಡಿಯಾಗಿ ಸ್ಪಷ್ಟ ಕೇಳುತ್ತವೆ. ಗಿಟಾರ್‌ಗೆ ಉಸಿರಾಡಲು ಜಾಗ ಸಿಕ್ಕಿದೆ. ಕೌಶಲದಲ್ಲಿ ಎರಡು ಮಾತಿಲ್ಲ. ಆದರೂ ನಾನು 2004ರದ್ದಕ್ಕೇ ವಾಪಸ್ ಹೋದೆ. ಆ ಇಕ್ಕಟ್ಟು, ಎಲ್ಲರೂ ಒಂದೇ ಸಲ ಬಾಗಿಲಿಗೆ ನುಗ್ಗಿದ ಹಾಗಿರುವ ಆ ಸದ್ದು, ನನಗೆ ಆ ಆಲ್ಬಮ್‌ನ ವಿಷಯವೇ ಅದು. ಇದು ನೆನಪಿನ ಮೊಂಡುತನ ಇರಬಹುದು. ಹೊಸ ಮಿಕ್ಸ್‌ನಿಂದಲೇ ಶುರುಮಾಡುವವರಿಗೆ ಹಳೆಯದು ಕೊಳಕಾಗಿ ಕೇಳಿಸಬಹುದು. ಅವರ ಪಟ್ಟಿಯಲ್ಲಿ 'ರಿವೆಂಜ್' ಎಲ್ಲಿ ಕೂರುತ್ತದೆ ಅಂತ ನೋಡುವ ಕುತೂಹಲ ನನಗಿದೆ.

ನನ್ನ ಪಟ್ಟಿ ಸದ್ಯಕ್ಕೆ ಹೀಗಿದೆ: 'ಬ್ಲ್ಯಾಕ್ ಪರೇಡ್', 'ಡೇಂಜರ್ ಡೇಸ್', 'ರಿವೆಂಜ್', 'ಬುಲೆಟ್ಸ್'. ಹದಿನೈದು ವರ್ಷದ ಹಿಂದೆ ಎರಡನೆಯದು ಕೊನೆಯಲ್ಲಿತ್ತು. ಈ ನಾಲ್ಕರ ಆಚೆ ಇನ್ನೊಂದು ಹಾಡಿದೆ. 2022ರ ಮೇ 12ರಂದು ಯಾವ ಸುಳಿವೂ ಕೊಡದೆ ಬಿಟ್ಟ 'ದ ಫೌಂಡೇಷನ್ಸ್ ಆಫ್ ಡಿಕೇ'. ಆರು ನಿಮಿಷದ ಹಾಡು. ಬಂದಾಗ ಅದಕ್ಕೆ ಯಾವ ಆಲ್ಬಮ್ಮೂ ಇರಲಿಲ್ಲ. ಹಿಂದೆ ಮುಂದೆ ಹಾಡಿಲ್ಲ, ಮುಖಪುಟದ ಕಥೆಯಿಲ್ಲ, ದೂರ ಅಳೆಯಲು ಪಕ್ಕದಲ್ಲಿ ಏನೂ ಇಲ್ಲ. 'ಬುಲೆಟ್ಸ್' ಕಾಲದ ಒರಟುತನ ಇದೆ ಅಂತ ಕೆಲವರು, 'ಬ್ಲ್ಯಾಕ್ ಪರೇಡ್' ಗಾತ್ರ ಇದೆ ಅಂತ ಕೆಲವರು ಆ ರಾತ್ರಿಯೇ ವಾದಕ್ಕೆ ಇಳಿದರು. ನಾನು ಅದನ್ನು ಮೂರು ಸಲ ಕೇಳಿದೆ, ಲೈಟ್ ಹಾಕಿಕೊಂಡೇ.